ಕಾವ್ಯಗಳಲ್ಲಿ ಬಂಧನಾಗಾರವೂ ಬಂಧಮೋಕ್ಷವೂ

ರಾಜನಿಗೆ ಪುತ್ರನು ಜನಿಸಿದಾಗಲೂ ಪಟ್ಟಾಭಿಷೇಕವು ನಡೆದಾಗಲೂ ಸೆರೆಯಲ್ಲಿದ್ದವರನ್ನು ಬಿಡಿಸುವುದು ಸಂಸ್ಕೃತಸಾಹಿತ್ಯದಲ್ಲಿ ಪರಿಚಿತವಾದ ಸಂಗತಿ. ಇದನ್ನು ಉತ್ಸವವರ್ಣನೆಯ ಒಂದಂಗವೆಂದೆಣಿಸಿ ಮುಂದಕ್ಕೆ ಸಾಗುವುದು ವಾಡಿಕೆ. ಆದರೆ ಈ ಸಂದರ್ಭಗಳನ್ನು ಒಂದೆಡೆಯಿಟ್ಟು ಪರ್ಯಾಲೋಚಿಸಿದರೆ, ಸೆರೆಮನೆಯಿರುವುದು ಏತಕ್ಕೆ, ಅಲ್ಲಿರುವವನ ಯೋಗಕ್ಷೇಮವು ಯಾರ ಹೊಣೆ ಎಂಬ ಪ್ರಶ್ನೆಗಳನ್ನು ಕವಿಗಳು ಶಾಸ್ತ್ರಕಾರರಿಗಿಂತ ಕಡಮೆಯಿಲ್ಲದ ಎಚ್ಚರಿಕೆಯಿಂದ ಎತ್ತಿರುವುದು ವಿದಿತವಾಗುತ್ತದೆ.

ಶಾಸ್ತ್ರದಲ್ಲಿಯೇ ಈ ವಿಷಯದಲ್ಲಿ ಎರಡು ದೃಷ್ಟಿಗಳುಂಟು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಸೆರೆಮನೆಗಳನ್ನು ರಾಜಮಾರ್ಗದ ಬಳಿಯಲ್ಲಿ ಇರಿಸಬೇಕೆಂದು ವಿಧಿಸುತ್ತದೆ. ದುಃಖಿತರೂ ವಿಕೃತರೂ ಆದ ಅಪರಾಧಿಗಳು ಹೋಗಿಬರುವವರ ಕಣ್ಣಿಗೆ ಬೀಳಲಿ ಎಂಬುದೇ ಅದರ ಉದ್ದೇಶ. ಇಲ್ಲಿ ಸೆರೆಯಾಳು ಇತರರಿಗೆ ಭಯದ ಪಾಠ. ಅವನ ಮೈಯೇ ಆ ಪಾಠದ ಪುಸ್ತಕ. ಅರ್ಥಶಾಸ್ತ್ರದ ಮಾರ್ಗವು ಬೇರೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಈ ಗ್ರಂಥದಲ್ಲಿ ಕೌಟಿಲ್ಯನು ಬಂಧನಾಗಾರದೊಳಗೆ ಸ್ತ್ರೀಪುರುಷರಿಗೆ ಬೇರೆಬೇರೆ ಸ್ಥಳಗಳಿರಬೇಕೆಂದೂ, ಬಾವಿ, ಸ್ನಾನಗೃಹ, ಶೌಚಸ್ಥಾನಗಳಿರಬೇಕೆಂದೂ ಹೇಳುತ್ತಾನೆ. ಸೆರೆಯಾಳಿನ ಅನ್ನಪಾನಗಳನ್ನು ತಡೆದ ಅಧ್ಯಕ್ಷನಿಗೆ 96 ಪಣ, ಅವನನ್ನು ಕೊಂದವನಿಗೆ 1000 ಪಣ ದಂಡ. ವಿಚಾರಣೆಗೊಳಗಾದವನನ್ನಿಡುವ ಚಾರಕವೇ ಬೇರೆ, ಬಂಧನಾಗಾರವೇ ಬೇರೆ. ಕೌಟಿಲ್ಯನು ಮೃದುಹೃದಯನೆಂದು ಯಾರೂ ಹೇಳರು. ಚಿತ್ರವಧೆಯನ್ನು ವಿಧಿಸುವವನೂ ಅವನೇ. ಆದರೂ ಸೆರೆಯಾಳಿನ ಅನ್ನವು ಕಾವಲುಗಾರನ ಮರ್ಜಿಯಲ್ಲಿ ಇರಕೂಡದೆಂಬುದನ್ನು ಅವನು ಬಲ್ಲನು.

ಬಿಡುಗಡೆಯ ವಿಷಯದಲ್ಲಿ ಅದೇ ಗ್ರಂಥವು ಎರಡು ಬಗೆಗಳನ್ನು ಹೇಳುತ್ತದೆ. ರಾಜನ ಜನ್ಮನಕ್ಷತ್ರದಂದೂ ಪೌರ್ಣಮಿಗಳಲ್ಲಿಯೂ ಬಾಲರು, ವೃದ್ಧರು, ವ್ಯಾಧಿತರು, ಅನಾಥರು ಇವರನ್ನು ಬಿಡುವುದು ಒಂದು. ಇಲ್ಲಿ ಬಿಡಲ್ಪಡುವವನ ಸ್ಥಿತಿಯು ಗಣನೆಗೆ ಬಂದಿದೆ. ಹೊಸ ದೇಶವನ್ನು ಗೆದ್ದಾಗ, ಯುವರಾಜಾಭಿಷೇಕದಲ್ಲಿ, ಪುತ್ರಜನನದಲ್ಲಿ ಬಿಡುವುದು ಇನ್ನೊಂದು. ಇಲ್ಲಿ ಬಿಡುವವನ ಸಂತೋಷವೇ ಪ್ರಧಾನ. ಕವಿಗಳ ದೃಷ್ಟಿಯು ನೆಟ್ಟಿರುವುದು ಈ ಎರಡನೆಯದರ ಮೇಲೆ.

ರಘುವಂಶದ ಮೂರನೆಯ ಸರ್ಗದಲ್ಲಿ ರಘುವು ಹುಟ್ಟಿದಾಗ, ಸಂತೋಷದಿಂದ ಬಿಡುಗಡೆ ಮಾಡೋಣವೆಂದರೆ ದಿಲೀಪನ ಸೆರೆಯಲ್ಲಿ ಒಬ್ಬನೂ ಇರಲಿಲ್ಲ. ಪಿತೃಋಣವೆಂಬ ಬಂಧನದಿಂದ ಬಿಡುಗಡೆಯಾದವನು ಅವನೊಬ್ಬನೇ ಎಂದು ಕಾಳಿದಾಸನು ವರ್ಣಿಸುತ್ತಾನೆ. ಇದನ್ನು ಉಕ್ತಿಚಮತ್ಕಾರವೆಂದು ಮಾತ್ರ ಬೋಧಿಸುವುದು ಸಾಲದು. ಕವಿಯು ಇಲ್ಲಿ ದಿಲೀಪನನ್ನು ರಕ್ಷಕನೆಂಬ ಅರ್ಥದ ಶಬ್ದದಿಂದ ಕರೆದಿರುವುದು ಗಮನಾರ್ಹ. ಪ್ರಜೆಗಳನ್ನು ಚೆನ್ನಾಗಿ ರಕ್ಷಿಸಿದುದರಿಂದಲೇ ಸೆರೆಮನೆ ಬರಿದಾಗಿತ್ತು. ತುಂಬಿದ ಸೆರೆಮನೆಯನ್ನು ತೆರೆಯುವುದಕ್ಕಿಂತ ಅದು ತುಂಬದಂತೆ ಆಳುವುದು ಹಿರಿದೆಂಬುದು ತಾತ್ಪರ್ಯ.

ಹದಿನೇಳನೆಯ ಸರ್ಗದಲ್ಲಿ ಕುಶನ ಮಗನಾದ ಅತಿಥಿಯ ಅಭಿಷೇಕವು ಬರುತ್ತದೆ. ಅಲ್ಲಿ ಸೆರೆಯಾಳುಗಳಿಗೆ ಬಂಧಮೋಕ್ಷ, ವಧಾರ್ಹರಿಗೆ ಜೀವದಾನ, ಎತ್ತುಗಳಿಗೆ ನೊಗದಿಂದ ಬಿಡುವು, ಹಸುಗಳಿಗೆ ಹಾಲುಕರೆಯದಿರುವ ರಿಯಾಯಿತಿ. ಮುಂದಿನ ಶ್ಲೋಕದಲ್ಲಿಯೇ ಪಂಜರದ ಗಿಳಿಗಳಿಗೂ ಬಿಡುಗಡೆ. ಕರುಣೆಯು ವಿಶಾಲವಾದುದೇ. ಆದರೆ ಗಿಳಿಯ ಸಾಲಿನಲ್ಲಿ ನಿಂತ ಮನುಷ್ಯನ ಅಪರಾಧವೇನು, ಶಿಕ್ಷೆಯು ನ್ಯಾಯವೇ ಎಂದು ಇಲ್ಲಿ ಕೇಳುವವರಿಲ್ಲ. ದಿಲೀಪನ ಕಾಲದ ಬರಿದಾದ ಸೆರೆಮನೆಗೂ ಅತಿಥಿಯ ಕಾಲದ ತೆರೆದ ಸೆರೆಮನೆಗೂ ಇರುವ ಅಂತರವನ್ನು ಕವಿಯು ಬಾಯಿಬಿಟ್ಟು ಹೇಳಿಲ್ಲ. ಆದರೂ ಎರಡು ಸರ್ಗಗಳನ್ನೂ ಓದಿದ ಸಹೃದಯನಿಗೆ ಅದು ಕಾಣದಿರದು.

ಕವಿಸಮಯವನ್ನು ದಂಡನೀತಿಯೆಂದು ಓದುವುದು ಅತಿವ್ಯಾಪ್ತಿಯಲ್ಲವೇ ಎಂಬ ಆಕ್ಷೇಪವು ಬರಬಹುದು. ಕೇವಲ ರೂಢಿಯೇ ಆಗಿದ್ದರೆ ದಿಲೀಪನ ಪ್ರಸಂಗದಲ್ಲಿ ಕಾಳಿದಾಸನು ಅದನ್ನು ತಿರುಗಿಸಿ ಹೇಳಬೇಕಾಗಿರಲಿಲ್ಲ. ಮಾಳವಿಕಾಗ್ನಿಮಿತ್ರದಲ್ಲಿ ಅವನೇ ಈ ರೂಢಿಯನ್ನು ನಗೆಗೀಡುಮಾಡಿದ್ದಾನೆ: ನೆಲಮಾಳಿಗೆಯಲ್ಲಿ ಕೂಡಿಹಾಕಿದ ಮಾಳವಿಕೆಯನ್ನು ಬಿಡಿಸಲು ವಿದೂಷಕನು, ರಾಜನ ಗ್ರಹಗತಿ ಸರಿಯಿಲ್ಲ, ಸೆರೆಯಲ್ಲಿರುವವರನ್ನೆಲ್ಲ ಬಿಡಬೇಕೆಂದು ಜ್ಯೋತಿಷಿಗಳು ಹೇಳಿದರೆಂದು ಕಾವಲಿನವಳನ್ನು ನಂಬಿಸುತ್ತಾನೆ. ಗ್ರಹಚಾರದಿಂದ ತೆರೆಯುವ ಬಾಗಿಲು ಸುಳ್ಳಿನಿಂದಲೂ ತೆರೆಯುತ್ತದೆ.

ಶೂದ್ರಕನ ಮೃಚ್ಛಕಟಿಕದಲ್ಲಿ ನಗೆಯು ಉಳಿಯುವುದಿಲ್ಲ. ಸಿದ್ಧನೊಬ್ಬನು ರಾಜನಾಗುವನೆಂದು ನುಡಿದ ಮಾತ್ರಕ್ಕೆ ಆರ್ಯಕನು ಸೆರೆಯಾಳಾದನು. ಮಾಡದ ಕೊಲೆಗಾಗಿ ಚಾರುದತ್ತನು ವಧ್ಯಸ್ಥಾನಕ್ಕೆ ನಡೆದನು. ಹತ್ತನೆಯ ಅಂಕದಲ್ಲಿ ಚಾಂಡಾಲನೊಬ್ಬನು ತನ್ನ ತಂದೆಯ ಬುದ್ಧಿಮಾತನ್ನು ನೆನೆಯುತ್ತಾನೆ: ಕೊಲ್ಲಲು ಆತುರಪಡಬಾರದು, ಯಾರಾದರೂ ಸಾಧುವು ಹಣ ಕೊಟ್ಟು ಬಿಡಿಸಬಹುದು, ರಾಜನಿಗೆ ಮಗನು ಹುಟ್ಟಬಹುದು, ಆನೆಯು ಕಟ್ಟು ಹರಿದುಕೊಂಡು ಬರಬಹುದು, ರಾಜ್ಯವೇ ಬದಲಾಗಬಹುದು. ರಾಜಪುತ್ರನ ಜನನವೂ ಆನೆಯ ಹುಚ್ಚೋಟವೂ ಇಲ್ಲಿ ಒಂದೇ ತೂಕದವು. ಸೆರೆಯಾಳಿನ ಪಾಲಿಗೆ ರಾಜಪ್ರಸಾದವೂ ಒಂದು ಆಕಸ್ಮಿಕವೇ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಯಾವ ಸ್ಮೃತಿಕಾರನೂ ಹೇಳಿಲ್ಲ. ಶೂದ್ರಕನು ಅದನ್ನು ಕೊಲ್ಲುವ ಕೆಲಸದವನ ಬಾಯಿಂದಲೇ ಹೇಳಿಸಿದ್ದಾನೆ.

ಹಾಗೆಂದು ಕರುಣೆಯು ಬೇಡವೆಂದಲ್ಲ. ಶಾಂತಿಪರ್ವದ ದ್ಯುಮತ್ಸೇನ ಸತ್ಯವಂತರ ಸಂವಾದದಲ್ಲಿ ಮಗನು ತಂದೆಗೆ, ಒಬ್ಬ ದಸ್ಯುವನ್ನು ಕೊಂದರೆ ನಿರಪರಾಧಿಗಳಾದ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳೂ ಹತರಾಗುವರೆಂದೂ, ದುಷ್ಟನೂ ಒಮ್ಮೊಮ್ಮೆ ಶೀಲವನ್ನು ಪಡೆಯುವನೆಂದೂ ಹೇಳುತ್ತಾನೆ. ಇದು ಹಬ್ಬದ ಕರುಣೆಯಲ್ಲ, ಕಾರಣವುಳ್ಳ ಕರುಣೆ. ಸೆರೆಯ ಪ್ರಯೋಜನವು ಪ್ರಜಾರಕ್ಷಣೆಯಾದರೆ, ತಿದ್ದಿಕೊಳ್ಳಬಲ್ಲವನಿಗೆ ದಾರಿಯನ್ನು ಉಳಿಸುವುದೂ ಆ ರಕ್ಷಣೆಯೊಳಗೇ ಸೇರುತ್ತದೆ.

ಈ ವಿವೇಚನೆಯು ಗತಕಾಲದ ವಿಷಯವೆಂದು ಬಿಡತಕ್ಕದ್ದಲ್ಲ. ಬಂಧಿತನು ಸೆರೆಮನೆಯ ಬಾಗಿಲಲ್ಲಿ ಮೂಲಭೂತ ಹಕ್ಕುಗಳನ್ನೆಲ್ಲ ಕಳಚಿಟ್ಟು ಒಳಹೋಗುವುದಿಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲಿ ಸಾರಿತು. ಆದರೆ 2022ರ ಅಂತ್ಯದಲ್ಲಿ ದೇಶದ ಕಾರಾಗೃಹಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕೂ ಮಿಕ್ಕವರು ವಿಚಾರಣೆ ಮುಗಿಯದವರು. ಚಾರಕವೇ ಬೇರೆ, ಬಂಧನಾಗಾರವೇ ಬೇರೆ ಎಂಬ ಭೇದವು ಇವರ ಪಾಲಿಗೆ ಅಳಿಸಿಹೋಗಿದೆ. ಉತ್ಸವದ ದಿನಗಳಲ್ಲಿ ಸನ್ನಡತೆಯ ಶಿಕ್ಷಿತರಿಗೆ ದೊರೆಯುವ ಬಿಡುಗಡೆಯೂ ಇವರಿಗೆ ಸಲ್ಲದು; ಶಿಕ್ಷೆಯೇ ಆಗದವನಿಗೆ ಶಿಕ್ಷೆಯ ಕಡಿತವೆಲ್ಲಿಯದು?

ಆದಕಾರಣ ರಘುವಂಶದ ಆ ಶ್ಲೋಕವನ್ನು ಬೋಧಿಸುವಾಗ ಅಲಂಕಾರವನ್ನು ಹೆಸರಿಸಿದಷ್ಟಕ್ಕೆ ನಿಲ್ಲಿಸದೆ, ದಿಲೀಪನ ಸೆರೆಮನೆಯು ಏಕೆ ಬರಿದಾಗಿತ್ತೆಂಬುದನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.