ಬಡವರ ವಂಶಾವಳಿ ಬರೆದವರು ಯಾರು?

ವಂಶಾವಳಿ ಅಂದಕೂಡಲೆ ನಮಗೆ ನೆನಪಾಗುವುದು ಅರಸರು, ಮಠಗಳು, ದೇಸಾಯರ ವಾಡೆಗಳು. ಗಾರೆ ಕೆಲಸದವನಿಗೂ, ಸೂಜಿ ಮಾಡುವವನಿಗೂ, ಮಂದಿ ಮನೆಯ ಪಾತ್ರೆ ತಿಕ್ಕುವವಳಿಗೂ ಒಂದು ವಂಶಾವಳಿ ಇದೆ, ಅದನ್ನು ಹುಡುಕಿ ಬರೆದರೆ ಅದೇ ಒಂದು ದೇಶದ ಚರಿತ್ರೆಯಾಗುತ್ತದೆ ಎಂದು ತೋರಿಸಿದ ಪುಸ್ತಕ ಆಲಿಸನ್ ಲೈಟ್ ಅವರ ‘ಕಾಮನ್ ಪೀಪಲ್’. 2014ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಈ ಪುಸ್ತಕವನ್ನು ನಾನು ಓದಿದ್ದು ನಾಸಿಕದ ಅಂಬಡ್‌ನಲ್ಲಿ, ಪಾಳಿ ಮುಗಿಸಿ ಬಂದ ಮೇಲೆ, ದಿನಕ್ಕೆ ಹತ್ತು ಪುಟದಂತೆ. ಎಲ್ಲಿ ಕೂತು ಓದಿದೆ ಎಂದು ಹೇಳುವುದು ಜಂಬಕ್ಕಲ್ಲ. ಈ ಪುಸ್ತಕ ಓದುವ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಪ್ರಶ್ನೆ ಕೇಳುವಂಥದ್ದು, ಅದಕ್ಕೆ.

ಮಹಾರಾಷ್ಟ್ರದಲ್ಲಿ ಅಂಬಡ್ ಎರಡು. ಒಂದು ನಾಸಿಕದ ಔದ್ಯೋಗಿಕ ವಸಾಹತು. ಬಿಹಾರ, ಉತ್ತರಪ್ರದೇಶ, ಮರಾಠವಾಡಾ, ನಮ್ಮ ಬೀದರ್-ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವರ ಊರು. ಇನ್ನೊಂದು ಜಾಲನಾ ಜಿಲ್ಲೆಯ ತಾಲೂಕು ಕೇಂದ್ರ, ಮತ್ಸ್ಯೋದರಿ ದೇವಿಯ ಊರು. 1981ರಲ್ಲಿ ಜಾಲನಾ ಜಿಲ್ಲೆಯಾಗುವತನಕ ಅದು ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಸೇರಿತ್ತು. ನಾನು ಭಾಲ್ಕಿಗೆ ಹೋಗುವಾಗ ರೈಲು ಮನಮಾಡ, ಔರಂಗಾಬಾದ, ಜಾಲನಾ, ಪರಭಣಿ ಹಾದೇ ಹೋಗುತ್ತದೆ. ಹಾಗಾಗಿ ಒಂದು ಅಂಬಡ್‌ನಲ್ಲಿ ದುಡಿದು, ಇನ್ನೊಂದು ಅಂಬಡ್‌ನ ಪಕ್ಕದಿಂದ ಊರಿಗೆ ಹೋಗಿಬರುವ ಬದುಕು ನನ್ನದು. ಲೈಟ್ ಅವರ ಪುಸ್ತಕವನ್ನು ಈ ಎರಡೂ ಅಂಬಡ್‌ಗಳ ನಡುವೆ ಇಟ್ಟು ನೋಡಬೇಕು ಅನ್ನಿಸಿತು.

ಪುಸ್ತಕದ ಗುಣ ಮೊದಲು ಹೇಳುತ್ತೇನೆ. ಮನೆತನದ ಮೂಲ ಹುಡುಕುವವರಿಗೆ ಒಂದು ಆಸೆ ಇದ್ದೇ ಇರುತ್ತದೆ: ಹಿಂದೆ ಎಲ್ಲೋ ಒಬ್ಬ ಜಮೀನುದಾರ, ಒಬ್ಬ ಸರದಾರ ಸಿಗಲಿ ಅಂತ. ಲೈಟ್ ಅವರಿಗೆ ಆ ಆಸೆ ಇಲ್ಲ. ಪೋರ್ಟ್ಸ್‌ಮತ್ ಎಂಬ ಹಡಗುಕಟ್ಟೆಯ ಊರಿನಲ್ಲಿ ಬೆಳೆದ ಅವರು ಅಜ್ಜ-ಅಜ್ಜಿಯರಿಂದ ಶುರುಮಾಡಿ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತಾರೆ. ಸಿಗುವವರು ಇಟ್ಟಿಗೆ ಕೆಲಸದವರು, ನಾವಿಕರು, ಮನೆಕೆಲಸದವರು, ಆಲ್ಸ್ಟರ್ ಎಂಬ ಊರಿನ ಕಡೆ ಸೂಜಿ ಮಾಡುತ್ತಿದ್ದವರು. ವರ್ಕ್‌ಹೌಸ್ ಎಂಬ ಬಡವರ ದೊಡ್ಡಿಯಲ್ಲಿ ಹುಟ್ಟಿ ಹುಚ್ಚಾಸ್ಪತ್ರೆಯಲ್ಲಿ ಸತ್ತ ಒಬ್ಬ ಮುತ್ತಜ್ಜಿ. ಇದಕ್ಕೂ ಮುಂಚೆ, 2007ರಲ್ಲಿ, ವರ್ಜೀನಿಯಾ ವುಲ್ಫ್ ಮನೆಯ ಕೆಲಸದವರ ಬಗ್ಗೆ ಇಡೀ ಒಂದು ಪುಸ್ತಕ ಬರೆದವರು ಇವರು. ದೊಡ್ಡ ಲೇಖಕಿಯ ಅಡುಗೆಮನೆಯ ಕಡೆಯಿಂದ ಒಳಗೆ ಹೋಗುವ ಅದೇ ಕಣ್ಣು ಇಲ್ಲೂ ಇದೆ.

ಒಬ್ಬ ವ್ಯಕ್ತಿಯ ಬಗ್ಗೆ ಬರೀ ಹೆಸರು, ಎರಡು ತಾರೀಖು ಸಿಕ್ಕಾಗ ಲೈಟ್ ಕಥೆ ಕಟ್ಟುವುದಿಲ್ಲ. ಅವನ ಕಸುಬಿನ ಚರಿತ್ರೆ ಬರೆಯುತ್ತಾರೆ, ಅವನ ಓಣಿಯ ಚರಿತ್ರೆ ಬರೆಯುತ್ತಾರೆ. ಸೂಜಿಯ ಮೊನೆ ಮಸೆಯುವವರು ಕಲ್ಲು-ಉಕ್ಕಿನ ಪುಡಿಯನ್ನು ಉಸಿರಲ್ಲಿ ಎಳೆದುಕೊಂಡು ಚಿಕ್ಕ ವಯಸ್ಸಿನಲ್ಲೇ ಸಾಯುತ್ತಿದ್ದರು. ಕೂಲಿ ಹೆಚ್ಚು, ಆಯುಷ್ಯ ಕಡಿಮೆ. ನಾನೂ ಕೆಲವು ವರ್ಷ ಗ್ರೈಂಡಿಂಗ್ ವಿಭಾಗದಲ್ಲಿ ಕೆಲಸ ಮಾಡಿದವನು. ಆ ಪುಟ ಓದುವಾಗ ಅವರು ಯಾರೋ ದೂರದ ಇಂಗ್ಲಿಷರು ಅನ್ನಿಸಲಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ಕಸುಬಿನ ಸಂಬಂಧ ಇದೆ. ವಂಶಾವಳಿಯನ್ನು ಕಸುಬಿನ ಮೇಲೆ ಬರೆಯಬಹುದು ಅನ್ನುವುದೇ ಈ ಪುಸ್ತಕದಿಂದ ನಾನು ಪಡೆದ ದೊಡ್ಡ ವಿಚಾರ.

ಇನ್ನೊಂದು ವಿಚಾರ, ಊರು ಬಿಟ್ಟು ಬದುಕುವ ನಮ್ಮಂಥವರಿಗೆ ಬೇಕಾದದ್ದು. ಲೈಟ್ ತಮ್ಮ ಮನೆತನದ ‘ಮೂಲ ಊರು’ ಹುಡುಕುತ್ತ ಹೋದಂತೆಲ್ಲ ಅದು ಹಿಂದೆ ಹಿಂದೆ ಸರಿಯುತ್ತದೆ. ಪ್ರತಿ ತಲೆಮಾರೂ ಕೆಲಸ ಹುಡುಕಿಕೊಂಡು ಇನ್ನೆಲ್ಲಿಂದಲೋ ಬಂದದ್ದೇ. ಬಡವರು ಒಂದೇ ಕಡೆ ಬೇರುಬಿಟ್ಟು ಕೂತಿದ್ದರು, ರೈಲು ಕಾರ್ಖಾನೆಗಳು ಬಂದು ಅವರನ್ನು ಕಿತ್ತುಹಾಕಿದವು ಎಂಬ ನಂಬಿಕೆಯನ್ನು ಅವರು ಮೆಲ್ಲಗೆ ಅಲುಗಾಡಿಸುತ್ತಾರೆ. ಊರು ಬಿಡುವುದು ಬಡವರ ಚರಿತ್ರೆಯಲ್ಲಿ ಎಂದೋ ಒಮ್ಮೆ ಆದ ಅನಾಹುತ ಅಲ್ಲ, ದಿನದ ರೂಢಿ.

ಇಷ್ಟೆಲ್ಲ ತಿಳಿಯುವುದು ಹೇಗೆ ಸಾಧ್ಯವಾಯಿತು? ಕಾಗದ ಇದ್ದುದರಿಂದ. ಇಂಗ್ಲೆಂಡಿನಲ್ಲಿ ಚರ್ಚುಗಳು 1538ರಿಂದ ನಾಮಕರಣ, ಮದುವೆ, ಮಣ್ಣು ಬರೆದಿಡಬೇಕಿತ್ತು. 1837ರಿಂದ ಸರಕಾರವೇ ಜನನ-ಮರಣ ನೋಂದಣಿಗೆ ಇಳಿಯಿತು. 1841ರ ಜನಗಣತಿ ಮನೆಮನೆಯವರ ಹೆಸರು ಬರೆದುಕೊಂಡು, ಇದೇ ಕೌಂಟಿಯಲ್ಲಿ ಹುಟ್ಟಿದ್ದೀರಾ ಎಂದು ಕೇಳಿತು. 1851ರಲ್ಲಿ ಯಾವ ಪ್ಯಾರಿಷ್ ಎಂದೇ ಕೇಳಿತು. ನೂರು ವರ್ಷವಾದ ಮೇಲೆ ಆ ಹಾಳೆಗಳನ್ನು ಎಲ್ಲರಿಗೂ ತೆರೆಯುತ್ತಾರೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. 1931ರದ್ದು ಮಾತ್ರ ಎಂದೂ ತೆರೆಯುವುದಿಲ್ಲ, 1942ರ ಬೆಂಕಿಯಲ್ಲಿ ಸುಟ್ಟುಹೋಯಿತು.

ಆದರೆ ಈ ಕಾಗದಗಳನ್ನು ಪ್ರೀತಿಯಿಂದ ಬರೆದದ್ದು ಎಂದು ತಿಳಿಯಬಾರದು. 1662ರ ಸೆಟ್ಲ್‌ಮೆಂಟ್ ಕಾನೂನಿನ ಪ್ರಕಾರ ಬಡವನಿಗೆ ಅನ್ನ ಹಾಕುವ ಹೊಣೆ ಅವನ ‘ಸ್ವಂತ’ ಪ್ಯಾರಿಷ್‌ನದು. ಬೇರೆ ಕಡೆಯಿಂದ ಬಂದವನು ಕೈಸೋತರೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಎಷ್ಟು ದಿನ ದುಡಿದೆ, ಎಲ್ಲಿ ಬಾಡಿಗೆ ಇದ್ದೆ ಎಂದು ಕೇಳಿ ಬರೆದುಕೊಂಡು ವಾಪಸು ಅಟ್ಟುತ್ತಿದ್ದರು. ಇಂದು ಇಂಗ್ಲಿಷ್ ಬಡವರ ಬದುಕನ್ನು ಹುಡುಕುವವರಿಗೆ ಇವು ಬಂಗಾರದಂಥ ದಾಖಲೆಗಳು. ಬಡವನ ಜೀವನಚರಿತ್ರೆಯನ್ನು ಸಮಾಧಾನದಿಂದ ಕೇಳಿಸಿಕೊಂಡವರು ಅವನನ್ನು ಓಡಿಸಬೇಕೆಂದಿದ್ದವರು ಮಾತ್ರ!

ನಮ್ಮ ಕಡೆ ಹೀಗೆ ಕೇಳಿಸಿಕೊಂಡವರು ಯಾರು? ಉತ್ತರ ಕರ್ನಾಟಕದಲ್ಲಿ ಹೆಳವರಿದ್ದಾರೆ. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಕೂತು ಬಂದು, ಮನೆತನದ ಹೆಸರುಗಳನ್ನು ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಒದರಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಪಡೆದು ಹೋಗುವವರು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು ಎಂಬುದೂ ಅವರ ಬಾಯಲ್ಲಿ ಇರುತ್ತಿತ್ತು. ಸರಕಾರದ ಕಾಗದಕ್ಕಿಂತ ಇದು ಎಷ್ಟೋ ಮಾನವೀಯ. ಆದರೆ ಹೆಳವ ಬರುತ್ತಿದ್ದುದು ಕಣದಲ್ಲಿ ರಾಶಿ ಇದ್ದವರ ಮನೆಗೆ. ನಮ್ಮ ಮುತ್ಯಾ ಮಂದಿ ಹೊಲದಲ್ಲಿ ದುಡಿದವನು. “ನಮ್ಮ ಮನಿಗಿ ಹೆಳವ ಯಾಕ ಬರ್ತಾನಪಾ, ಅವಗ ಕೊಡ್ಲಿಕ್ಕಿ ನಮ್ಮತ್ರ ಏನಿತ್ತು?” ಅನ್ನುತ್ತಾಳೆ ನಮ್ಮ ಅವ್ವ.

ನಾಸಿಕಕ್ಕೆ ಬಂದರೆ ಇಲ್ಲಿ ಗೋದಾವರಿಯ ರಾಮಕುಂಡದ ಬಳಿ, ತ್ರ್ಯಂಬಕೇಶ್ವರದಲ್ಲಿ ತೀರ್ಥಪುರೋಹಿತರ ವಹಿಗಳಿವೆ. ಯಾತ್ರೆಗೆ ಬಂದವರ ಊರು, ಜಾತಿ, ತಂದೆ-ತಾತಂದಿರ ಹೆಸರು ತಲೆಮಾರುಗಳಿಂದ ಬರೆದಿಟ್ಟ ಉದ್ದನೆಯ ಪುಸ್ತಕಗಳು. ತಾತನ ಸಹಿ ನೋಡಿ ಕಣ್ಣೀರು ಹಾಕಿದವರನ್ನು ನಾನೇ ಕಂಡಿದ್ದೇನೆ. ಆದರೆ ಇಲ್ಲೂ ಅದೇ ಮಾತು: ಯಾತ್ರೆಗೆ ಬರುವ ಶಕ್ತಿ ಇದ್ದವರು, ಬರಗೊಟ್ಟವರು ಮಾತ್ರ ವಹಿಯಲ್ಲಿ ಇದ್ದಾರೆ. ಇದೇ ನಾಸಿಕದಲ್ಲಿ 1930ರ ಮಾರ್ಚ್ 2ರಂದು ಕಾಳಾರಾಮ ಮಂದಿರದ ಬಾಗಿಲ ಮುಂದೆ ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾದದ್ದು ನೆನಪಿಡಬೇಕು. ದೇವಸ್ಥಾನದೊಳಗೆ ಬಿಡದವರ ಹೆಸರನ್ನು ದಂಡೆಯ ಮೇಲೆ ಯಾರು ಬರೆದುಕೊಂಡಾರು? ಹೆಂಗಸರ ಮಾತಂತೂ ಬೇಡ. ಗಂಡಸಿನಿಂದ ಗಂಡಸಿಗೆ ಹರಿಯುವ ಸಾಲಿನಲ್ಲಿ ಅವರು ಬದಿಗೆ ಬಿದ್ದವರು. ಇನ್ನು ಜನಗಣತಿ. ಅಲ್ಲಿ ಕೊಟ್ಟ ವಿವರ ಗೋಪ್ಯ ಎನ್ನುತ್ತದೆ 1948ರ ಕಾಯ್ದೆಯ 15ನೇ ಕಲಮು. ನೂರು ವರ್ಷಕ್ಕೆ ತೆರೆಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಈಗ ಎರಡನೆಯ ಅಂಬಡ್‌ಗೆ ಬರುತ್ತೇನೆ. ಆ ತಾಲೂಕಿನ ಅಂತರವಾಲಿ ಸರಾಟಿ ಎಂಬ ಹಳ್ಳಿಯಲ್ಲಿ 2023ರ ಆಗಸ್ಟ್ ಕೊನೆಗೆ ಮನೋಜ ಜರಾಂಗೆ ಪಾಟೀಲರು ಮರಾಠಾ ಮೀಸಲಾತಿಗಾಗಿ ಉಪವಾಸ ಕೂತರು. ಸೆಪ್ಟೆಂಬರ್ 1ರಂದು ಲಾಠಿ ಬೀಸಿದ ಮೇಲೆ ಆ ಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಬೇಡಿಕೆಯ ತಿರುಳು ವಂಶಾವಳಿಯದೇ: ನಿಜಾಮನ ಕಾಲದ ಕಾಗದಗಳಲ್ಲಿ ನಮ್ಮ ಹಿರಿಯರನ್ನು ‘ಕುಣಬಿ’ ಎಂದು ಬರೆದಿದೆ, ಆದ್ದರಿಂದ ಕುಣಬಿ ಪ್ರಮಾಣಪತ್ರ ಕೊಡಿ. ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಹುಡುಕಲು ಕೂತಿತು. ಉರ್ದುವಿನಲ್ಲಿ, ಮೋಡಿಯಲ್ಲಿ ಬರೆದ ಕಂದಾಯದ ಪತ್ರಗಳು, ಶಾಲೆಯ ದಾಖಲಾತಿ ಪುಸ್ತಕಗಳು, ಜನನ-ಮರಣದ ವಹಿಗಳು. ಆ ಅಕ್ಟೋಬರ್ ಕೊನೆಗೆ ಹೇಳಿದ ಲೆಕ್ಕ: ನೋಡಿದ ದಾಖಲೆ ಸುಮಾರು 1.72 ಕೋಟಿ, ಸಿಕ್ಕ ಕುಣಬಿ ನಮೂದು 11,530. ಸಾವಿರಕ್ಕೆ ಒಂದೂ ಬೀಳುವುದಿಲ್ಲ. 2024ರ ಜೂನ್‌ನಲ್ಲಿ ಅದೇ ತಾಲೂಕಿನ ವಡೀಗೋದ್ರಿಯಲ್ಲಿ, ನಮ್ಮ ಪಾಲು ಹೋಗುತ್ತದೆ ಎಂದು ಒಬಿಸಿ ಸಮುದಾಯದವರೂ ಉಪವಾಸ ಕೂತರು. 2025ರ ಸೆಪ್ಟೆಂಬರ್ 2ರಂದು ಹೈದರಾಬಾದ್ ಗೆಜೆಟ್ ಆಧಾರವಾಗಿ ಸರಕಾರ ಆದೇಶ ಹೊರಡಿಸಿತು. ಯಾರ ಪಕ್ಷ ನ್ಯಾಯ ಎಂದು ತೀರ್ಮಾನಿಸುವ ಜಾಗ ಇದಲ್ಲ. ನಾನು ಹೇಳುವುದು ಇಷ್ಟೆ: ಒಂದೇ ತಾಲೂಕಿನ ಎರಡು ಹಳ್ಳಿಗಳು ಸತ್ತವರ ಹೆಸರಿನ ಮುಂದೆ ಯಾವ ಗುಮಾಸ್ತ ಯಾವ ಶಬ್ದ ಬರೆದ ಎಂಬುದರ ಮೇಲೆ ಊಟ ಬಿಟ್ಟು ಕೂತಿದ್ದವು.

ಇಲ್ಲಿಗೆ ಬಂದಾಗ ಲೈಟ್ ಅವರ ಪುಸ್ತಕದ ಮೇಲೆ ನನ್ನ ತಕರಾರು ಶುರುವಾಗುತ್ತದೆ. ಸಣ್ಣ ತಕರಾರು ಒಂದಿದೆ. ಹೆಸರುಗಳು ವಿಪರೀತ. ಒಂದೇ ಹೆಸರಿನವರು ತಲೆಮಾರು ತಲೆಮಾರಿಗೂ ಬರುತ್ತಾರೆ. ಪಕ್ಕದಲ್ಲಿ ನೋಟುಪುಸ್ತಕ ಇಟ್ಟುಕೊಳ್ಳದೆ ಓದಲಾಗದು. ಇರಲಿ. ದೊಡ್ಡ ತಕರಾರು ಬೇರೆ. ಆ ಪುಸ್ತಕದಲ್ಲಿ ಕಾಗದ ಸಿಕ್ಕರೆ ತಿಳಿವಳಿಕೆ ಬರುತ್ತದೆ, ಸಿಗದಿದ್ದರೆ ದುಃಖವಾಗುತ್ತದೆ. ಹುಡುಕುವವರ ನಾಳಿನ ಊಟ ಅದರ ಮೇಲೆ ನಿಂತಿಲ್ಲ. ಬೇರು ಯಾರಿಗೂ ಇಲ್ಲ, ಎಲ್ಲರೂ ವಲಸಿಗರೇ ಎಂಬ ಮಾತು ಅಲ್ಲಿ ಸಮಾಧಾನ. ಇಲ್ಲಿ ಕಚೇರಿಯ ಕಿಟಕಿಯಲ್ಲಿ ನಿಂತು ಅದೇ ಮಾತು ಹೇಳಿದರೆ ಅರ್ಜಿ ವಾಪಸು ಬರುತ್ತದೆ.

ನನ್ನ ಮಗಳ ಅರ್ಜಿ ಹಾಗೆ ವಾಪಸು ಬಂದದ್ದೇ. ನಮ್ಮದು ಹಿಂದುಳಿದ ವರ್ಗದ ಮನೆ. ಅವಳು ನಾಸಿಕದಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರಕ್ಕೆ 1967ರ ಅಕ್ಟೋಬರ್ 13ಕ್ಕೂ ಮುಂಚೆ ಮನೆತನ ಈ ರಾಜ್ಯದಲ್ಲಿತ್ತು ಎಂಬ ಪುರಾವೆ ಬೇಕು. “ಆ ದಿನ ನಿಮ್ಮ ಅಪ್ಪ-ಅಜ್ಜ ಎಲ್ಲಿದ್ದರು?” ಎಂದರು. ಭಾಲ್ಕಿಯಲ್ಲಿದ್ದರು. 1956ರ ನವೆಂಬರ್ 1ರ ಮುಂಚೆ ಭಾಲ್ಕಿ, ಉದಗೀರ, ಅಂಬಡ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯ. ಉದಗೀರವಂತೂ ನಮ್ಮದೇ ಬೀದರ್ ಜಿಲ್ಲೆ. ಗೆರೆ ಎಳೆದಾಗ ಉದಗೀರ ಆ ಕಡೆ ಹೋಯಿತು, ಭಾಲ್ಕಿ ಈ ಕಡೆ ಉಳಿಯಿತು. ನಮ್ಮ ಮುತ್ಯಾ ಕೂಲಿಗೆಂದು ಎರಡೂ ಕಡೆ ತಿರುಗಿದವನು. ಆದರೆ ಕೂಲಿಯವನು ತಿರುಗಿದ್ದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ. ಪಹಣಿ ಹೊಲ ಯಾರದು ಎಂದು ಹೇಳುತ್ತದೆ, ಅದರಲ್ಲಿ ಕಳೆ ಕಿತ್ತವರು ಯಾರು ಎಂದು ಹೇಳುವುದಿಲ್ಲ. 1662ರ ಇಂಗ್ಲೆಂಡಿನಲ್ಲಾದರೆ ಯಾರಾದರೂ ಅವನನ್ನು ಹಿಡಿದು ನಿಲ್ಲಿಸಿ ಎಲ್ಲ ಬರೆದುಕೊಳ್ಳುತ್ತಿದ್ದರೇನೋ!

ಹಾಗಂತ ಲೈಟ್ ಅವರ ಪುಸ್ತಕ ನಮಗೆ ಬೇಡ ಎನ್ನಲಾರೆ. ಬದಲಿಗೆ ಅದು ನಮ್ಮಲ್ಲಿ ಬರೆಯಬೇಕಾದ ಪುಸ್ತಕ ಯಾವುದೆಂದು ಬೆರಳು ತೋರಿಸುತ್ತದೆ. ಪ್ರಮಾಣಪತ್ರಕ್ಕಾಗಿ ಹುಡುಕುವ ವಂಶಾವಳಿಯಲ್ಲಿ ಒಂದೇ ಸಾಲು ಸಾಕು: ಅಪ್ಪ, ಅಪ್ಪನ ಅಪ್ಪ, ಅವನ ಜಾತಿ. ಅವ್ವ ಬೇಡ, ಕಸುಬು ಬೇಡ, ಹೋದ ದಾರಿ ಬೇಡ. ಲೈಟ್ ಬರೆದಿರುವುದು ಸರಿಯಾಗಿ ಈ ಬೇಡವಾದದ್ದನ್ನೇ. ಅಂಬಡ್‌ನಂಥ ವಸಾಹತುಗಳಲ್ಲಿ ಸಾವಿರಾರು ಮನೆಗಳಿವೆ. ಆ ಚರಿತ್ರೆ ಈಗ ಇರುವುದು ಮುದುಕಿಯರ ಬಾಯಲ್ಲಿ, ಪಿಎಫ್ ಚೀಟಿಯಲ್ಲಿ, ಬಾಡಿಗೆ ಕರಾರಿನಲ್ಲಿ, ಕಾರ್ಖಾನೆಯ ಹಳೇ ಗೇಟ್‌ಪಾಸಿನಲ್ಲಿ. ಇವನ್ನು ಯಾವ ಕಚೇರಿಯೂ ನೂರು ವರ್ಷ ಕಾಯ್ದಿಡುವುದಿಲ್ಲ.

ಈ ಸಲ ಊರಿಗೆ ಹೋದಾಗ ಅವ್ವನನ್ನು ಕೂಡಿಸಿಕೊಂಡು ಮುತ್ಯಾನ ದಾರಿ ಬರೆದುಕೊಂಡೆ. ಯಾವ ವರ್ಷ ಬರ ಬಿತ್ತು, ಯಾವ ಊರಿಗೆ ಕಬ್ಬು ಕಡಿಯಲು ಹೋದರು, ಎಲ್ಲಿ ಕೂಲಿ ಕೊಡಲಿಲ್ಲ, ಎಲ್ಲಿ ಕೂಸು ಸತ್ತಿತು. ತಾರೀಖು ಒಂದೂ ಇಲ್ಲ. ಹಬ್ಬ, ಮಳೆ, ಬಸಿರು ಇವೇ ಗುರುತು. ಅರ್ಧಕ್ಕೆ ನಿಲ್ಲಿಸಿ ಅವ್ವ ಕೇಳಿದಳು: “ಇದು ಕೊಟ್ರ ಪೋರಿಗಿ ಸರ್ಟಿಫಿಕೇಟ್ ಕೊಡ್ತಾರೇನು?” ಇಲ್ಲ ಅಂದೆ. “ಮತ್ತ ಯಾಕ ಬರಕೋತಿ?” ಅಂದಳು. ಆದರೂ ಹೇಳುವುದನ್ನು ಬಿಡಲಿಲ್ಲ. ಹನ್ನೊಂದು ಪುಟ ಆಗಿದೆ.