ಗಾಣದ ಮೇಲಿನ ಹಾಡು

ನೆರೂಳದ ಶನೀಶ್ವರ ಮಂದಿರವೂ ಸೇರಿ ಮುಂಬಯಿ ಸುತ್ತಿನ ತುಳು-ಕನ್ನಡಿಗರಲ್ಲಿ ಶನಿಗ್ರಂಥ ಪಾರಾಯಣವನ್ನು ತಾಳಮದ್ದಳೆಯ ರೂಪದಲ್ಲಿ ನಡೆಸುವ ರೂಢಿ ಗಟ್ಟಿಯಾಗಿ ಬೇರೂರಿದೆ. ಕಲಶ, ಎಳ್ಳೆಣ್ಣೆಯ ದೀಪ, ಪಕ್ಕದಲ್ಲಿ ಚೆಂಡೆ-ಮದ್ದಳೆ, ಮೈಕಿನ ಮುಂದೆ ಶಾಲು ಹೊದ್ದು ಕೂತ ಅರ್ಥಧಾರಿಗಳು. ಸಾಡೇಸಾತಿಗೆ, ಅಂದರೆ ಶನಿಯ ಏಳೂವರೆ ವರ್ಷದ ಕಾಟಕ್ಕೆ, ಹೆದರಿ ಹರಕೆ ಹೊತ್ತವರೂ ಬರುತ್ತಾರೆ. ಚೆಂಡೆಗೆ ಪೆಟ್ಟು ಬಿದ್ದ ಮೇಲೆ ಮಾತ್ರ ಅದನ್ನು ಹೆದರಿದವರ ಸಭೆ ಎನ್ನುವಂತಿಲ್ಲ.

ಕಥೆ ಮರಾಠಿ ನೆರೆಹೊರೆಗೂ ಗೊತ್ತಿರುವುದೇ. ಶನಿಯನ್ನು ಹಗುರವಾಗಿ ಆಡಿದ ವಿಕ್ರಮರಾಜನನ್ನು ಮಾಯಾಕುದುರೆ ಪರದೇಶಕ್ಕೆ ಹೊತ್ತೊಯ್ಯುತ್ತದೆ. ಚಿತ್ರದ ಹಂಸ ಮುತ್ತಿನ ಹಾರ ನುಂಗುತ್ತದೆ. ಕಳ್ಳತನದ ಆರೋಪ ಹೊತ್ತ ರಾಜ ಕೈಕಾಲು ಕಡಿಸಿಕೊಳ್ಳುತ್ತಾನೆ. ಗಾಣಿಗರ ಮನೆಯವರು ಎತ್ತಿ ತಂದು ಸಾಕುತ್ತಾರೆ. ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಾ ಅವನು ದೀಪಕ ರಾಗ ಹಾಡಿದಾಗ ಊರಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ.

ಶನಿ ಇನ್ನೂ ಬಿಟ್ಟಿಲ್ಲ, ಕೈಕಾಲು ಬಂದಿಲ್ಲ, ಬರುವ ಭರವಸೆಯೂ ಇಲ್ಲ. ಆಗಲೇ ಹಾಡುತ್ತಾನೆ. ನನಗೆ ಇಡೀ ಗ್ರಂಥದ ತಿರುಳು ಇದು. ಕಷ್ಟ ಕಳೆದ ಮೇಲಿನ ಸುಖವನ್ನು ಯಾವ ಪುರಾಣವಾದರೂ ಹೇಳೀತು.

ತಾಳಮದ್ದಳೆಗೆ ಈ ಸನ್ನಿವೇಶ ಹೇಳಿ ಮಾಡಿಸಿದಂತಿದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗೆ ಇರುವುದು ಮಾತು, ಜೊತೆಗೆ ಒಂದಿಷ್ಟು ಕೈಸನ್ನೆ. ಕೈಯೇ ಇಲ್ಲದ ರಾಜನಿಗೆ ಸನ್ನೆಯೂ ಸಲ್ಲ. ಹಾಡು ಹೇಗೂ ಭಾಗವತರ ಕಂಠದ್ದು. ಆದ್ದರಿಂದ ಇಲ್ಲಿ ವಿಕ್ರಮನ ಪಾತ್ರಧಾರಿ ಸುಮ್ಮನೆ ಕೂರಬೇಕು. ಮಾತಿನಮಲ್ಲರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ, ಅನೇಕರು ಪಾಸಾಗುವುದೂ ಇಲ್ಲ.

ಕಥೆಯ ಆರಂಭಕ್ಕೆ ವಿಕ್ರಮನ ಆಸ್ಥಾನದಲ್ಲಿ ನಡೆಯುವ, ಯಾವ ಗ್ರಹ ದೊಡ್ಡದೆಂಬ ಚರ್ಚೆಗಾದರೆ ಎಲ್ಲರಿಗೂ ಹುರುಪು. ಒಬ್ಬೊಬ್ಬ ಪಂಡಿತನೂ ತನ್ನ ಗ್ರಹವನ್ನು ಹೊಗಳಿ ಮುಗಿಸುವಷ್ಟರಲ್ಲಿ ಹೊತ್ತು ಸರಿದಿರುತ್ತದೆ. ನಡುವೆ ಸನ್ಮಾನ, ಶಾಲು, ಫಲಪುಷ್ಪ. ಕೊನೆಗೆ ಮಂಗಳಾರತಿಯ ಅವಸರ, ಲೋಕಲ್ ಹಿಡಿಯುವವರ ಅವಸರ. ಗಾಣದ ಪ್ರಸಂಗ ಎರಡು ಪದ್ಯಕ್ಕೆ ಇಳಿಯುತ್ತದೆ. ಶನಿಯ ಆರ್ಭಟ ಉಳಿದು ರಾಜನ ಹಾಡು ಸೊರಗಿದರೆ ಪಾರಾಯಣ ಬರೀ ಬೆದರಿಕೆಯಾಗುತ್ತದೆ.

ಇನ್ನೊಂದು ತಕರಾರೂ ಇದೆ. ಮುಂಬಯಿಯ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತುಳು-ಕನ್ನಡಿಗರ ತಲೆಮಾರಿನ ಸಂಕಟಗಳಿಗೆ ಶನಿಯೊಬ್ಬನೇ ಕಾರಣನಲ್ಲ. 1982ರ ಗಿರಣಿ ಮುಷ್ಕರದಿಂದ ಪರೇಲ್, ಲಾಲ್‌ಬಾಗ್‌ಗಳಲ್ಲಿ ಅನ್ನ ಕಳೆದುಕೊಂಡವರು ಗ್ರಹಗತಿಯಿಂದ ಬೀದಿಗೆ ಬಿದ್ದವರಲ್ಲ. ಸಾಡೇಸಾತಿಯಲ್ಲಿ ಶನಿ ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿ ದಾಟಿ ಹೋಗುತ್ತಾನೆ. ಮುಚ್ಚಿಹೋದ ಗಿರಣಿಗಳ ಬಾಗಿಲು ಏಳೂವರೆ ವರ್ಷಕ್ಕೆ ತೆರೆಯಲಿಲ್ಲ. ಎಲ್ಲವನ್ನೂ ಗ್ರಹದ ಲೆಕ್ಕಕ್ಕೆ ಬರೆದರೆ ಮಾಲೀಕನೂ ಸರ್ಕಾರವೂ ಸಲೀಸಾಗಿ ಪಾರಾಗುತ್ತಾರೆ. ಈ ಬಗ್ಗೆ ಪರಂಪರೆ ತುಟಿ ಬಿಚ್ಚಿದ್ದು ಕಡಿಮೆ.

ಆದರೂ ಗ್ರಂಥದೊಳಗೇ ಇದಕ್ಕೊಂದು ಉತ್ತರದ ಎಳೆ ಸಿಗುತ್ತದೆ. ಪ್ರಸನ್ನನಾದ ಶನಿ ವರ ಕೇಳೆಂದಾಗ ವಿಕ್ರಮ ಕೇಳುವುದು ಕೈಕಾಲನ್ನಲ್ಲ; ನನಗೆ ಕೊಟ್ಟ ಕಾಟವನ್ನು ಇನ್ನಾರಿಗೂ ಕೊಡಬೇಡ ಎನ್ನುತ್ತಾನೆ. ಹಾಡಿದವನಿಗೆ ಪರರ ನೋವು ಮರೆತಿಲ್ಲ. ಅವನಿಗೆ ಅದನ್ನು ಕಲಿಸಿದ್ದು ಬಹುಶಃ ಗಾಣಿಗರ ಮನೆ: ಕಳ್ಳನೆಂದು ಊರೇ ಬಿಸುಟವನನ್ನು ಒಳಗೆ ಕರೆದು ಉಣ್ಣಿಸಿದವರು. ಆ ಮನೆಯ ಹೆಂಗಸಿಗೆ ಈಗ ಹೆಚ್ಚೆಂದರೆ ನಾಲ್ಕು ಮಾತು, ಅದೂ ಹೊಸಬರ ಪಾಲಿಗೆ. ಮೇಳದ ಅತ್ಯುತ್ತಮ ಅರ್ಥಧಾರಿಯನ್ನು ಒಮ್ಮೆ ಆ ಪಾತ್ರಕ್ಕೆ ಕೂರಿಸಿ, ಗ್ರಹಚರ್ಚೆಯಿಂದ ಅರ್ಧ ತಾಸು ಕಿತ್ತು ಆಕೆಗೆ ಕೊಡಲಿ.