ಫ್ಯಾಮಿಲಿ ಸೆಕ್ಷನ್ನಿನ ಅಡಿಯಲ್ಲಿ

ಮಧುರ್ ಭಂಡಾರ್ಕರ್ ಅವರ 'ಚಾಂದನಿ ಬಾರ್' 2001ರಲ್ಲಿ ಬಂತು. ಆವತ್ತಿನಿಂದ ಈವತ್ತಿನವರೆಗೆ ಅದರ ಮಾತೆತ್ತಿದವರೆಲ್ಲ ಒಂದೇ ಪದಕ್ಕೆ ಜೋತುಬಿದ್ದಿದ್ದಾರೆ: ವಾಸ್ತವ. ನಾಲ್ಕು ರಾಷ್ಟ್ರಪ್ರಶಸ್ತಿ ಬಂದ ಮೇಲಂತೂ ಆ ಪದಕ್ಕೆ ಸರಕಾರಿ ಮೊಹರು ಬಿದ್ದಂತಾಯಿತು. ತಬ್ಬು ಅಭಿನಯದ ಬಗ್ಗೆ ನನಗೆ ತಕರಾರಿಲ್ಲ. ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿಯೂ ಪಾತ್ರವನ್ನು ಮೈಮೇಲೆ ಎಳೆದುಕೊಂಡಿದ್ದಾರೆ. ನನ್ನ ಜಗಳ ಇರುವುದು ಸಿನಿಮಾ ತೋರಿಸುವ ಆ ಡಾನ್ಸ್ ಬಾರಿನ ಜೊತೆ.

ಈಚೆಗೆ ಪನ್ವೇಲ್ ಕಡೆ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ನಮ್ಮ ನಿರ್ಣಾದಿಂದ ಹುಮನಾಬಾದಿಗೆ ಬಂದು, ಹೆದ್ದಾರಿ ಹಿಡಿದು, ಸೊಲ್ಲಾಪುರ, ಪುಣೆ ದಾಟಿದರೆ ಸಿಗುವ ಊರು. ಕೆಲಸ ಹುಡುಕುತ್ತ ನಮ್ಮ ಕಡೆಯ ಹುಡುಗರು ಹೋಗುವ ದಾರಿಯೂ ಅದೇ. ಹಾಲಿನ ನಡುವಿನ ನಾಲ್ಕು ಟೇಬಲ್ಲು ಉಳಿದವಕ್ಕಿಂತ ಅರ್ಧ ಗೇಣು ಮೇಲಿದ್ದವು. ಅದನ್ನೇ 'ಫ್ಯಾಮಿಲಿ ಸೆಕ್ಷನ್' ಮಾಡಿದ್ದರು. ಕುರ್ಚಿ ಸ್ವಲ್ಪ ಹಿಂದೆ ಸರಿಸಿದರೆ ಕಾಲು ಅಂಚಿನಿಂದ ಜಾರುತ್ತಿತ್ತು. ನೀರು ತಂದಿಟ್ಟ ಹುಡುಗ ಬಸವಕಲ್ಯಾಣ ತಾಲೂಕಿನವನು. ನನ್ನ ಮಾತು ಕೇಳಿಯೇ ಗುರುತು ಹಿಡಿದ. "ಸ್ವಲ್ಪ ಮುಂದ ಸರೀರಿ ಕಾಕಾ, ಅದು ಮೊದಲಿನ ಡಾನ್ಸ್ ಫ್ಲೋರ್ ಅದ" ಅಂದ.

ಬಸವಕಲ್ಯಾಣದ ಕಡೆಯವರಿಗೆ ಅವಶೇಷ ಅಂದರೆ ಚಾಲುಕ್ಯರ ಕಲ್ಲು, ಕೋಟೆ, ಶಾಸನ. ಲ್ಯಾಮಿನೇಟ್ ಹಲಗೆಯ ಹಿಂದೆ ಏನಿದೆ ಅಂತ ಇಣುಕುವ ಅಭ್ಯಾಸ ನಮಗಿಲ್ಲ. ಅಂದು ಇಣುಕಿದೆ. ಗೋಡೆಗೆಲ್ಲ ಹಲಗೆ ಹೊಡೆದಿದ್ದರೂ ಗಲ್ಲಾಪೆಟ್ಟಿಗೆಯ ಹಿಂದೆ ಆಳೆತ್ತರದ ಕನ್ನಡಿಯ ಒಂದು ಪಟ್ಟಿ ಉಳಿದಿತ್ತು. ಕನ್ನಡಿ ಅಲ್ಲಿ ಅಲಂಕಾರಕ್ಕೆ ಇದ್ದದ್ದಲ್ಲ. ನಾಲ್ಕೂ ಗೋಡೆಗೆ ಕನ್ನಡಿ ಇದ್ದರೆ ಯಾವ ಸೋಫಾದಲ್ಲಿ ಯಾರ ಕೈ ಜೇಬಿಗೆ ಹೋಯಿತು ಅನ್ನುವುದು ಕುಣಿಯುವವಳಿಗೆ ತಿರುಗದೆಯೇ ಕಾಣುತ್ತದೆ. ಗಿರಾಕಿಗೂ ಅನುಕೂಲ: ನೋಡದವನಂತೆ ಕೂತು ನೋಡಬಹುದು. ನಾಲ್ಕು ಜನ ಕುಣಿದರೆ ನಲವತ್ತು ಜನ ಕುಣಿದಂತೆ. ಕೈ ತೊಳೆಯಲು ಹೋದಾಗ ಪಕ್ಕದಲ್ಲೊಂದು ಉದ್ದನೆಯ ಇಕ್ಕಟ್ಟು ಕೋಣೆ ಕಂಡಿತು, ಈರುಳ್ಳಿ ಚೀಲ ಒಟ್ಟಿದ್ದರು. ಅಲ್ಲಿಯ ಗೋಡೆಯ ಮೇಲೆ ಚೌಕಾಕಾರಕ್ಕೆ ಹನ್ನೆರಡು ಬಲ್ಬ್ ಹೋಲ್ಡರು, ನಡುವೆ ಕನ್ನಡಿ ಕಿತ್ತ ಬಿಳಿ ಗುರುತು, ಅದರ ಕೆಳಗೆ ಸಾಲಾಗಿ ಒಂಬತ್ತು ಮೊಳೆ. ಒಬ್ಬೊಬ್ಬಳ ಚೀಲಕ್ಕೂ ಒಂದೊಂದು ಮೊಳೆ ಇದ್ದಿರಬೇಕು. ಅದು ಕೆಲಸದ ಜಾಗ. ಹಾಜರಿ, ಪಾಳಿ, ಪಾಲು ಎಲ್ಲ ಇದ್ದ ಜಾಗ.

ಈಗ ಸಿನಿಮಾಕ್ಕೆ ಬನ್ನಿ. ತಬ್ಬು ಮಾಡಿದ ಮುಮ್ತಾಜಳ ಬದುಕಿನ ಅನಾಹುತಗಳು ಎಲ್ಲೆಲ್ಲಿ ನಡೆಯುತ್ತವೆ? ಮನೆಯವರು ಸಾಯುವುದು ಉತ್ತರ ಪ್ರದೇಶದ ಗಲಭೆಯಲ್ಲಿ. ಅವಳ ಮೇಲೆ ಅತ್ಯಾಚಾರ ಮಾಡುವವನು ಸ್ವಂತ ಮಾಮ. ಗಂಡ ಸಾಯುವುದು ಪೊಲೀಸರ ಗುಂಡಿಗೆ. ಮಗ ಹಾಳಾಗುವುದು ಸರಕಾರದ ರಿಮಾಂಡ್ ಹೋಮಿನಲ್ಲಿ. ಕುಟುಂಬ, ಕೋಮು, ಪೊಲೀಸು, ಸರಕಾರ ಒಬ್ಬೊಬ್ಬರಾಗಿ ಬಂದು ಅವಳನ್ನು ತುಳಿಯುತ್ತಾರೆ. ಇವುಗಳಲ್ಲಿ ಒಂದೂ ಡಾನ್ಸ್ ಫ್ಲೋರ್ ಮೇಲೆ ನಡೆಯುವುದಿಲ್ಲ. ಆದರೂ ಟಾಕೀಸಿನಿಂದ ಹೊರಬಂದ ಪ್ರೇಕ್ಷಕ "ಬಾರ್ ಅವಳನ್ನು ನುಂಗಿತು" ಅನ್ನುತ್ತಾನೆ. ಕಥೆ ಒಬ್ಬರ ಮೇಲೆ ಸಾಕ್ಷಿ ಹೇಳುತ್ತದೆ, ತೀರ್ಪು ಇನ್ನೊಬ್ಬರ ಮೇಲೆ ಬೀಳುತ್ತದೆ. ಭಂಡಾರ್ಕರ್ ಇದನ್ನು ಸಾಧಿಸುವುದು ಒಂದೇ ಉಪಾಯದಿಂದ: ಪ್ರತಿ ಪೆಟ್ಟಿನ ನಂತರ ಅವಳನ್ನು ಮತ್ತೆ ಬಾರಿಗೆ ತಂದು ನಿಲ್ಲಿಸುತ್ತಾರೆ. ಕೊನೆಗೆ ಮಗಳನ್ನೂ ತರುತ್ತಾರೆ. ಅವಳಿಗೆ ಅನ್ನ ಕೊಟ್ಟ ಜಾಗವೇ ಅವಳ ನರಕದ ಗುರುತಾಗಿ ಉಳಿಯುತ್ತದೆ. ಇದನ್ನು ವಾಸ್ತವ ಅನ್ನುವ ವಿಮರ್ಶಕರಿಗೆ ವಾಸ್ತವ ಅಂದರೆ ಮಂದ ಬೆಳಕು, ಬೈಗುಳ, ಕಣ್ಣೀರು, ಅಷ್ಟೇ.

'ಸಮಾಜದ ಕಣ್ಣು ತೆರೆಸಿದ ಚಿತ್ರ' ಅಂತ ಇನ್ನೂ ಬರೆಯುವವರಿದ್ದಾರಲ್ಲ, ಅವರಿಗೊಂದು ಪ್ರಶ್ನೆ. ಯಾವ ಕಣ್ಣು ತೆರೆಯಿತು? ಚಿತ್ರ ಬಂದ ನಾಲ್ಕೇ ವರ್ಷಕ್ಕೆ, 2005ರಲ್ಲಿ, ಮಹಾರಾಷ್ಟ್ರ ಸರಕಾರ ಪೊಲೀಸ್ ಕಾಯ್ದೆಗೆ 33ಎ, 33ಬಿ ಕಲಂ ಸೇರಿಸಿ ಡಾನ್ಸ್ ಬಾರ್ ಮುಚ್ಚಿಸಿತು. ತ್ರೀ ಸ್ಟಾರ್ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ, ಜಿಮ್ಖಾನಾಗಳಿಗೆ ವಿನಾಯಿತಿ. ಬಡವರ ಕುಣಿತ ಅಶ್ಲೀಲ, ಶ್ರೀಮಂತರದು ಕಲೆ! ಸಿನಿಮಾ ನೋಡಿಯೇ ಕಾಯ್ದೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಎರಡರ ಕಣ್ಣೂ ಒಂದೇ ಕಡೆ ನೆಟ್ಟಿತ್ತು ಅಂತ ಹೇಳುತ್ತಿದ್ದೇನೆ. ಬಾಂಬೆ ಹೈಕೋರ್ಟು 2006ರಲ್ಲಿ ಆ ನಿಷೇಧ ತೆಗೆದುಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ಕೆಲಸ ಕಳೆದುಕೊಂಡ ಎಷ್ಟೋ ಹೆಂಗಸರನ್ನು ನಿಷೇಧವೇ ವೇಶ್ಯಾವೃತ್ತಿಗೆ ತಳ್ಳಿತು ಅನ್ನುವುದನ್ನೂ ಗಮನಿಸಿತು. ಸರಕಾರ ಸುಮ್ಮನಾಗದೆ 2016ರಲ್ಲಿ ಹೊಸ ಕಾಯ್ದೆ ತಂದಿತು. ಬಾರಿನೊಳಗೆ ಸಿಸಿಟಿವಿ ಇರಬೇಕು, ಗುಡಿ, ಶಾಲೆಯಿಂದ ಒಂದು ಕಿಲೋಮೀಟರ್ ದೂರ ಇರಬೇಕು ಅನ್ನುವಂಥ ಷರತ್ತುಗಳನ್ನು 2019ರಲ್ಲಿ ಕೋರ್ಟು ಹೊಡೆದುಹಾಕಿತು. ಅಷ್ಟರಲ್ಲಿ ಎಷ್ಟೋ ಕನ್ನಡಿಗಳ ಮೇಲೆ ಹಲಗೆ ಬಿದ್ದಾಗಿತ್ತು.

ಇನ್ನೊಂದು ಮಾತು, ನಮ್ಮವರಿಗೇ ಹೇಳಬೇಕಾದದ್ದು. ಮುಂಬಯಿಯಲ್ಲಿ ಹೋಟೆಲ್ ಮಾಲೀಕನನ್ನು 'ಅಣ್ಣಾ' ಅಂತ ಕರೆಯುವುದು ಸುಮ್ಮನೆ ಅಲ್ಲ. ಡಾನ್ಸ್ ಬಾರುಗಳಲ್ಲಿ ಬಹಳಷ್ಟನ್ನು ನಡೆಸಿದವರು ಕರಾವಳಿಯಿಂದ ಹೋದ ನಮ್ಮವರೇ. ಉಡುಪಿ ಹೋಟೆಲಿನ ಇಡ್ಲಿ ಸಾಂಬಾರಿನ ಮೇಲೆ ಅಭಿಮಾನದ ಲೇಖನ ಬರೆಯುವ ನಾವು, ಅದೇ ಕೈಗಳು ನಡೆಸಿದ ಈ ಡಾನ್ಸ್ ಹಾಲಿನ ಎದುರು ತಲೆ ತಗ್ಗಿಸಿ ಮುಂದೆ ಹೋಗುತ್ತೇವೆ. ವಚನಕಾರ್ತಿ ಸೂಳೆ ಸಂಕವ್ವೆ ಕಸುಬಿನ ಹೆಸರನ್ನು ಮುಚ್ಚಿಡದೆ, ನಿರ್ಲಜ್ಜೇಶ್ವರ ಅನ್ನುವ ಅಂಕಿತವಿಟ್ಟು ಮಾತಾಡಿದ ಸೀಮೆಯವನು ನಾನು. ಬರೀ ಅಳಲು ಬರುವ ನಾಯಕಿ ನನಗೆ ಸಾಲುವುದಿಲ್ಲ.

'ಚಾಂದನಿ ಬಾರ್' ಒಳ್ಳೆಯ ನಟರಿರುವ, ಎದುರಿಗಿದ್ದ ಕಟ್ಟಡವನ್ನೇ ನೋಡದ ಸಿನಿಮಾ. ಮತ್ತೆ ನೋಡುವವರು ಒಂದು ಚೀಟಿ ಇಟ್ಟುಕೊಂಡು ಕೂತುಕೊಳ್ಳಿ. ಅವಳಿಗೆ ಬೀಳುವ ಪ್ರತಿ ಪೆಟ್ಟು ಯಾವ ಜಾಗದಲ್ಲಿ ಬಿತ್ತು ಅಂತ ಬರೆದುಕೊಳ್ಳಿ.